ಆಸ್ಪತ್ರೆ ಹತ್ತಿರವಿದ್ದರೂ ತಡವಾಗುವುದೇಕೆ: ಲೈಂಗಿಕ ಮತ್ತು ಸಂತಾನೋತ್ಪತ್ತಿ ಆರೋಗ್ಯದ ಕುರಿತು

(ಮಂಗಳೂರಿನಲ್ಲಿ ಸ್ವಸಹಾಯ ಗುಂಪುಗಳ ಸದಸ್ಯೆಯರು, ಕಾಲೇಜು ವಿದ್ಯಾರ್ಥಿಗಳು ಮತ್ತು ಪೋಷಕರು ಸೇರಿದ್ದ ಸಭೆಯೊಂದರಲ್ಲಿ ಸ್ತ್ರೀರೋಗ ತಜ್ಞೆಯೊಬ್ಬರು ಮಾಡಿದ ಉಪನ್ಯಾಸವನ್ನು ಓದಿಗೆ ಹೊಂದುವಂತೆ ತಿದ್ದಿ ಇಲ್ಲಿ ಕೊಡಲಾಗಿದೆ.)

ವೇದಿಕೆಯ ಮೇಲಿರುವ ಹಿರಿಯರಿಗೆ, ತಾಯಂದಿರಿಗೆ, ಅಕ್ಕತಂಗಿಯರಿಗೆ, ಹಿಂದಿನ ಸಾಲುಗಳಲ್ಲಿ ಕುಳಿತಿರುವ ವಿದ್ಯಾರ್ಥಿಗಳಿಗೆ ನಮಸ್ಕಾರ.

ದಕ್ಷಿಣ ಕನ್ನಡ ಜಿಲ್ಲೆಯೊಂದರಲ್ಲೇ ಎಂಟು ವೈದ್ಯಕೀಯ ಕಾಲೇಜುಗಳಿವೆ. ಪಕ್ಕದ ಮಣಿಪಾಲದಲ್ಲಿ 1953ರಿಂದಲೂ ವೈದ್ಯಕೀಯ ಕಾಲೇಜು ನಡೆಯುತ್ತಿದೆ. ಲೇಡಿಗೋಷನ್ ಆಸ್ಪತ್ರೆಯಲ್ಲಿ ಹುಟ್ಟಿದವರು ಈ ಸಭೆಯಲ್ಲೇ ಬಹಳ ಮಂದಿ ಇರಬಹುದು. ಕಾಸರಗೋಡಿನಿಂದ, ಕೊಡಗಿನಿಂದ, ಉತ್ತರ ಕನ್ನಡದಿಂದ, ಘಟ್ಟದ ಮೇಲಿನ ಊರುಗಳಿಂದ ರೋಗಿಗಳನ್ನು ಆಂಬುಲೆನ್ಸಿನಲ್ಲಿ ಇಲ್ಲಿಗೆ ಕರೆತರುತ್ತಾರೆ. ಹೀಗಿದ್ದರೂ ಆಸ್ಪತ್ರೆಯಿಂದ ಅರ್ಧ ಗಂಟೆಯ ಬಸ್ ದಾರಿಯಲ್ಲಿ ಮನೆಯಿರುವ ಹೆಂಗಸು, ತಿಂಗಳುಗಟ್ಟಲೆ ರಕ್ತ ಹೋಗುತ್ತಿದ್ದರೂ ಯಾರಿಗೂ ಹೇಳದೆ, ಕೊನೆಗೆ ನಿಲ್ಲಲಾರದೆ ನನ್ನ ಎದುರು ಬಂದು ಕುಳಿತದ್ದನ್ನು ಮತ್ತೆ ಮತ್ತೆ ಕಂಡಿದ್ದೇನೆ. ನಮ್ಮ ಕರಾವಳಿಯಲ್ಲಿ ಲೈಂಗಿಕ ಮತ್ತು ಸಂತಾನೋತ್ಪತ್ತಿ ಆರೋಗ್ಯ ಕೆಡುವುದಕ್ಕೆ ಆಸ್ಪತ್ರೆಯ ದೂರ ದೊಡ್ಡ ಕಾರಣವಲ್ಲ, ಹಲವರಿಗೆ ಹಣವೂ ಅಲ್ಲ. ಯಾರಿಗೆ ಹೇಳುವುದು, ಹೇಗೆ ಹೇಳುವುದು, ಹೇಳಿದ ಮೇಲೆ ನಾಲ್ಕು ಜನರಿಗೆ ತಿಳಿದರೆ ಏನು ಗತಿ ಎಂಬ ಅಂಜಿಕೆಯೇ ಮುಖ್ಯ ಕಾರಣ. ಆ ಅಂಜಿಕೆಯಿಂದ ಎಲ್ಲೆಲ್ಲಿ ಎಷ್ಟೆಷ್ಟು ಕಾಲ ಕಳೆದುಹೋಗುತ್ತದೆ, ಕಳೆದುಹೋದ ಕಾಲಕ್ಕೆ ದೇಹ ತೆರುವ ಬೆಲೆ ಏನು ಎಂಬುದನ್ನು ವಿವರಿಸುವುದೇ ಇಂದಿನ ನನ್ನ ಉದ್ದೇಶ.

ಹೊರರೋಗಿ ವಿಭಾಗದಲ್ಲಿ ಪ್ರತಿ ದಿನವೆಂಬಂತೆ ನಡೆಯುವ ಒಂದು ಸಂಗತಿಯನ್ನು ಹೇಳುತ್ತೇನೆ. ನಡುವಯಸ್ಸಿನ ಹೆಂಗಸೊಬ್ಬರು ಸೊಸೆಯ ಜೊತೆ ಬರುತ್ತಾರೆ. ಸೊಂಟನೋವು, ತಲೆಸುತ್ತು, ನಿಶ್ಶಕ್ತಿ ಎನ್ನುತ್ತಾರೆ. ರಕ್ತದೊತ್ತಡ ನೋಡಿ, ಮಾತ್ರೆ ಬರೆದು, ಚೀಟಿ ಕೈಗೆ ಕೊಟ್ಟಾಗ ಎದ್ದು ನಿಲ್ಲುತ್ತಾರೆ. ಸೊಸೆ ಬಾಗಿಲು ದಾಟಿ ಔಷಧಿ ಕೌಂಟರಿನ ಕಡೆಗೆ ಹೋದ ಮೇಲೆ, ಬಾಗಿಲಿನ ಹಿಡಿಯ ಮೇಲೆ ಕೈಯಿಟ್ಟುಕೊಂಡೇ ಹಿಂತಿರುಗಿ, “ಡಾಕ್ಟ್ರೇ, ಇನ್ನೊಂದು ವಿಷಯ ಉಂಟು” ಎನ್ನುತ್ತಾರೆ. ಅವರು ಬಂದದ್ದೇ ಆ ವಿಷಯಕ್ಕೆ. ಮುಟ್ಟು ನಿಂತು ವರ್ಷಗಳಾದ ಮೇಲೆ ಬಟ್ಟೆಯಲ್ಲಿ ಕಂಡ ರಕ್ತವೋ, ಕೆಮ್ಮಿದರೆ ತಡೆಯಲಾಗದೆ ಹೋಗುವ ಮೂತ್ರವೋ, ಗರ್ಭಕೋಶ ಕೆಳಗೆ ಜಾರಿ ಕೂರಲು ತೊಂದರೆಯಾಗುವುದೋ, ಗಂಡನ ಜೊತೆ ಸೇರುವಾಗಿನ ನೋವೋ ಆಗಿರುತ್ತದೆ. ಸಾಲಿನಲ್ಲಿ ಇನ್ನೂ ಬಹಳ ಮಂದಿ ಕಾಯುತ್ತಿರುವುದರಿಂದ ಆ ಕೊನೆಯ ಮಾತನ್ನು ಕೇಳಿಸಿಕೊಳ್ಳುವ ಪುರುಸೊತ್ತು ಎಲ್ಲ ವೈದ್ಯರಿಗೂ ಎಲ್ಲ ದಿನವೂ ಇರುವುದಿಲ್ಲ. ಆದ್ದರಿಂದ ನನ್ನ ಮೊದಲ ಕೋರಿಕೆ ಇದು: ಆ ವಿಷಯವನ್ನು ಕುಳಿತ ಕೂಡಲೇ ಹೇಳಿ. ಜೊತೆಗೆ ಬಂದವರ ಎದುರು ಹೇಳಲು ಸಂಕೋಚವಾದರೆ, “ನನಗೆ ಡಾಕ್ಟರರ ಹತ್ತಿರ ಒಬ್ಬಳೇ ಮಾತನಾಡಬೇಕು” ಎಂದರೆ ಸಾಕು. ಅವರನ್ನು ಹೊರಗೆ ಕೂರಿಸುವುದು ನಮ್ಮ ಕೆಲಸ.

ಹೆಚ್ಚು ಮಂದಿ ಮನಸ್ಸಿನಲ್ಲೇ ಇಟ್ಟುಕೊಂಡು ಕೊರಗುವುದು ಬಿಳಿ ಹೋಗುವ ವಿಷಯಕ್ಕೆ. ಯೋನಿಯಿಂದ ಸ್ವಲ್ಪ ಬಿಳಿ ದ್ರವ ಹೋಗುವುದು ಆರೋಗ್ಯದ ಲಕ್ಷಣವೇ. ಅಲ್ಲಿರುವ ಉಪಕಾರಿ ಬ್ಯಾಕ್ಟೀರಿಯಾಗಳು ಹುಳಿ ವಾತಾವರಣವನ್ನು ಕಾಯ್ದುಕೊಂಡು ಸೋಂಕನ್ನು ದೂರವಿಡುತ್ತವೆ. ಎರಡು ಮುಟ್ಟುಗಳ ನಡುವಿನ ದಿನಗಳಲ್ಲಿ ಅದು ಹೆಚ್ಚಿ, ಎಳೆಯಾಗಿ ಲೋಳೆಯಂತೆ ಕಾಣುವುದು ಸಹಜ. ಇದರಿಂದ ಮೂಳೆ ಸವೆಯುತ್ತದೆ, ಶಕ್ತಿ ಹರಿದುಹೋಗುತ್ತದೆ ಎಂಬ ನಂಬಿಕೆಗೆ ಆಧಾರವಿಲ್ಲ. ಆದರೆ ಅದು ಒಡೆದ ಮೊಸರಿನಂತಾಗಿ ವಿಪರೀತ ತುರಿಕೆ ಇದ್ದರೆ, ಹಳದಿ ಅಥವಾ ಹಸಿರು ಬಣ್ಣಕ್ಕೆ ತಿರುಗಿದರೆ, ಕೆಟ್ಟ ವಾಸನೆ ಬಂದರೆ, ಕಿಬ್ಬೊಟ್ಟೆ ನೋವು ಅಥವಾ ಜ್ವರ ಜೊತೆಗೂಡಿದರೆ ಅದು ಸೋಂಕು. ಒಂದೊಂದು ಸೋಂಕಿಗೂ ಬೇರೆ ಬೇರೆ ಔಷಧಿ ಇರುವುದರಿಂದ ನೆರೆಮನೆಯವರಿಗೆ ವಾಸಿಯಾದ ಮಾತ್ರೆ ನಿಮಗೆ ಹೊಂದಬೇಕೆಂದಿಲ್ಲ. ಮೊಸರಿನಂಥ ಸ್ರಾವ ಪದೇ ಪದೇ ಬರುತ್ತಿದ್ದರೆ ಸಕ್ಕರೆ ಕಾಯಿಲೆ ಇದೆಯೇ ಎಂದು ರಕ್ತ ಪರೀಕ್ಷಿಸಬೇಕು. ಒಳಭಾಗವನ್ನು ಸೋಪು, ಡೆಟಾಲ್ ಅಥವಾ ಪರಿಮಳದ ದ್ರಾವಣ ಹಾಕಿ ತೊಳೆಯುವವರು, ಸ್ವಚ್ಛತೆಯ ಹೆಸರಿನಲ್ಲಿ ಆ ಉಪಕಾರಿ ಬ್ಯಾಕ್ಟೀರಿಯಾಗಳನ್ನೇ ಕೊಲ್ಲುತ್ತಾರೆ. ಹೊರಭಾಗಕ್ಕೆ ನೀರು ಸಾಕು.

ಇಲ್ಲಿ ನಮ್ಮ ಮಳೆಗಾಲದ ಮಾತನ್ನೂ ಸೇರಿಸಬೇಕು. ಆಟಿ ತಿಂಗಳಲ್ಲಿ ನಮ್ಮ ಮನೆಗಳಲ್ಲಿ ಬಟ್ಟೆ ಒಣಗುವುದೇ ಇಲ್ಲ. ಶರ್ಟು, ಸೀರೆಗಳಿಗೆ ಜಗಲಿಯ ಹಗ್ಗದಲ್ಲಿ ಗಾಳಿ ಸಿಗುತ್ತದೆ. ಹೆಂಗಸರ ಒಳ ಉಡುಪು, ಮುಟ್ಟಿನ ಬಟ್ಟೆಗಳು ಮಾತ್ರ ಯಾರ ಕಣ್ಣಿಗೂ ಬೀಳಬಾರದೆಂದು ಬಚ್ಚಲಿನ ಮೂಲೆಯಲ್ಲಿ ಟವೆಲಿನ ಅಡಿಯಲ್ಲಿ ಮುಗ್ಗಲು ಹಿಡಿದುಕೊಂಡಿರುತ್ತವೆ, ಹಸಿಯಾಗಿರುವಾಗಲೇ ಮೈಗೇರುತ್ತವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೊಡೆಸಂದಿಯ ಹುಳುಕಡ್ಡಿ ಮತ್ತು ಶಿಲೀಂಧ್ರದ ಸೋಂಕು ಹೆಚ್ಚುವುದಕ್ಕೆ ಇದೂ ಒಂದು ಕಾರಣ. ಬಿಸಿಲು ಇರುವಾಗ ಬಿಸಿಲಿನಲ್ಲೇ ಹರವಿ. ಮಳೆಯಿರುವಾಗ ಗಾಳಿಯಾಡುವಲ್ಲಿ ಒಣಗಿಸಿ, ಇಸ್ತ್ರಿ ಹಾಕಿ ಉಡಿ. ನೋಡುವವರು ನೋಡಲಿ, ಎಲ್ಲರ ಮನೆಯಲ್ಲೂ ಇರುವ ಬಟ್ಟೆ ಅದು.

ತುಳುನಾಡಿನಲ್ಲಿ ಫೆಬ್ರವರಿಯ ಹೊತ್ತಿಗೆ ಕೆಡ್ಡಸ ಬರುತ್ತದೆ. ಭೂಮಿತಾಯಿ ಮುಟ್ಟಾಗಿದ್ದಾಳೆಂದು ಆ ದಿನಗಳಲ್ಲಿ ಉಳುವುದಿಲ್ಲ, ನೆಲ ಅಗೆಯುವುದಿಲ್ಲ. ಕೊನೆಗೆ ಎಣ್ಣೆ, ಅರಿಶಿನ, ಕುಂಕುಮ ಇಟ್ಟು ಗೌರವಿಸುತ್ತೇವೆ. ಭೂಮಿಗೆ ಮೂರು ದಿನದ ವಿಶ್ರಾಂತಿ ಕೊಡುವಷ್ಟು ಸೂಕ್ಷ್ಮತೆ ಇರುವ ನಾಡಿನಲ್ಲಿ, ಮಗಳಿಗೆ ಹೊಟ್ಟೆನೋವಿನಿಂದ ಶಾಲೆ ತಪ್ಪುತ್ತಿದ್ದರೆ “ಎಲ್ಲರಿಗೂ ಆಗುತ್ತದೆ, ಸಹಿಸಿಕೋ” ಎಂದು ಬಿಡುವುದು ನನಗೆ ಸರಿ ಎನ್ನಿಸುವುದಿಲ್ಲ. ಸ್ವಲ್ಪ ನೋವು ಸಹಜ. ದಿನನಿತ್ಯದ ಕೆಲಸ ನಿಲ್ಲಿಸುವ ನೋವು, ಪ್ರತಿ ತಿಂಗಳೂ ಹೆಚ್ಚುತ್ತ ಹೋಗುವ ನೋವು ಪರೀಕ್ಷೆಗೆ ಯೋಗ್ಯವಾದದ್ದು. ಗರ್ಭಕೋಶದ ಒಳಪದರದಂಥ ಅಂಗಾಂಶ ಗರ್ಭಕೋಶದ ಹೊರಗೂ ಬೆಳೆಯುವ ಎಂಡೊಮೆಟ್ರಿಯೋಸಿಸ್ ಎಂಬ ತೊಂದರೆ ಹೀಗೆಯೇ ವರ್ಷಗಟ್ಟಲೆ ಪತ್ತೆಯಾಗದೆ ಉಳಿಯುತ್ತದೆ. ವಯಸ್ಕರಲ್ಲಿ 21ರಿಂದ 35 ದಿನಗಳಿಗೊಮ್ಮೆ ಮುಟ್ಟು ಬರುವುದು ಸಾಮಾನ್ಯ. ಮುಟ್ಟು ಶುರುವಾದ ಮೊದಲ ಒಂದೆರಡು ವರ್ಷ ಹುಡುಗಿಯರಲ್ಲಿ ಅದು ಇನ್ನೂ ಹಿಂದೆ ಮುಂದೆ ಆಗಬಹುದು. ಏಳು ದಿನ ಮೀರಿ ಹೋಗುವುದು, ಒಂದೆರಡು ಗಂಟೆಗೊಮ್ಮೆ ಪ್ಯಾಡ್ ಬದಲಿಸಬೇಕಾಗುವುದು, ಹತ್ತು ರೂಪಾಯಿ ನಾಣ್ಯಕ್ಕಿಂತ ದೊಡ್ಡದಾದ ರಕ್ತದ ಗಡ್ಡೆಗಳು ಬೀಳುವುದು ಹೆಚ್ಚು ರಕ್ತಸ್ರಾವದ ಲಕ್ಷಣಗಳು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ. 57 ಮಂದಿಗೆ ರಕ್ತಹೀನತೆ ಇದೆ. ಬೆಳಗಿನಿಂದ ಸಂಜೆವರೆಗೆ ಬೀಡಿ ಕಟ್ಟುವವರು, ಮೀನಿನ ಬುಟ್ಟಿ ಹೊತ್ತು ಮನೆಮನೆ ತಿರುಗುವವರು, ಬಟ್ಟೆ ಅಂಗಡಿಯಲ್ಲಿ ದಿನವಿಡೀ ನಿಲ್ಲುವವರು ತಮ್ಮ ಆಯಾಸವನ್ನು ಕೆಲಸದ ಲೆಕ್ಕಕ್ಕೆ ಬರೆದುಕೊಳ್ಳುತ್ತಾರೆ. ಅದು ರಕ್ತದ ಲೆಕ್ಕದ್ದಾಗಿರಬಹುದು. ಈ ಅಂಗಡಿ, ಮಾರುಕಟ್ಟೆಗಳಲ್ಲಿ ಶೌಚಾಲಯ ಸರಿಯಿಲ್ಲವೆಂದು ನೀರನ್ನೇ ಕುಡಿಯದೆ ಇದ್ದು ಉರಿಮೂತ್ರ ತಂದುಕೊಳ್ಳುವ ಹುಡುಗಿಯರ ತೊಂದರೆಗೆ ಮಾತ್ರೆಗಿಂತ ಮಾಲೀಕರು ಕಟ್ಟಿಸಿಕೊಡುವ ಒಂದು ಶೌಚಾಲಯವೇ ಸರಿಯಾದ ಮದ್ದು.

ಶಾಲೆಯ ಹುಡುಗಿಯರಿಗೆ ರಾಜ್ಯದ ಶುಚಿ ಯೋಜನೆಯಲ್ಲಿ ಪ್ಯಾಡ್ ದೊರೆಯುತ್ತದೆ. ಯೋನಿಯೊಳಗೆ ಇಟ್ಟುಕೊಳ್ಳುವ ಮುಟ್ಟಿನ ಕಪ್‌ನ ವಿತರಣೆಯನ್ನು ಸರ್ಕಾರ ಪ್ರಾಯೋಗಿಕವಾಗಿ ಕೈಗೆತ್ತಿಕೊಂಡ ಜಿಲ್ಲೆಗಳಲ್ಲಿ ನಮ್ಮದೂ ಒಂದು. ಬಟ್ಟೆ, ಪ್ಯಾಡ್, ಕಪ್ ಮೂರರಲ್ಲಿ ಯಾವುದನ್ನು ಬಳಸಿದರೂ ತೊಂದರೆಯಿಲ್ಲ, ಸ್ವಚ್ಛವಾಗಿದ್ದರೆ ಸರಿ.

ಹೆಚ್ಚು ರಕ್ತ ಹೋಗುವವರಿಗೆ ನಮ್ಮಲ್ಲಿ ಬಹಳ ಬೇಗ ಸಿಗುವ ಸಲಹೆ, “ಮಕ್ಕಳಾಯಿತಲ್ಲ, ಗರ್ಭಕೋಶ ತೆಗೆಸಿಬಿಡಿ” ಎಂಬುದು. ಸಂಬಂಧಿಕರು ಹೇಳುತ್ತಾರೆ, ಕೆಲವೊಮ್ಮೆ ವೈದ್ಯರೂ ಹೇಳುತ್ತಾರೆ. ಕ್ಯಾನ್ಸರ್ ಇದ್ದಾಗ, ಗರ್ಭಕೋಶದಲ್ಲಿ ದೊಡ್ಡ ಗಡ್ಡೆಗಳು ಬೆಳೆದಾಗ, ಬೇರೆ ಚಿಕಿತ್ಸೆಗೆ ಬಗ್ಗದಿದ್ದಾಗ ಅದು ಜೀವ ಉಳಿಸುವ ಶಸ್ತ್ರಚಿಕಿತ್ಸೆ. ಆದರೆ ಬರೀ ಬಿಳಿ ಹೋಗುವುದಕ್ಕೆ, ಸೊಂಟನೋವಿಗೆ, ಮಾತ್ರೆಯಿಂದಲೋ ಗರ್ಭಕೋಶದೊಳಗೆ ಇಡುವ ಹಾರ್ಮೋನ್ ಇರುವ ವಂಕಿಯಿಂದಲೋ ಹತೋಟಿಗೆ ಬರುವ ರಕ್ತಸ್ರಾವಕ್ಕೆ ಮೂವತ್ತೈದರ ಹೆಂಗಸಿನ ಗರ್ಭಕೋಶ ತೆಗೆಯುವುದನ್ನು ನಾನು ಒಪ್ಪುವುದಿಲ್ಲ. ಜೊತೆಗೆ ಅಂಡಾಶಯಗಳನ್ನೂ ತೆಗೆದರೆ ಮರುದಿನವೇ ಮುಟ್ಟು ನಿಂತವರ ಸ್ಥಿತಿ ಬಂದು, ಮೂಳೆ ಮತ್ತು ಹೃದಯಕ್ಕೆ ಕಾಲಕ್ಕಿಂತ ಮೊದಲೇ ಹೊರೆ ಬೀಳುತ್ತದೆ. “ಬೇರೆ ಚಿಕಿತ್ಸೆ ಏನಿದೆ? ಅಂಡಾಶಯ ಉಳಿಸುತ್ತೀರಾ?” ಎಂಬ ಎರಡು ಪ್ರಶ್ನೆಗಳನ್ನು ಕೇಳದೆ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಬೇಡಿ. ಎರಡನೆಯ ವೈದ್ಯರ ಅಭಿಪ್ರಾಯ ಪಡೆಯುವುದು ಮೊದಲನೆಯವರಿಗೆ ಮಾಡುವ ಅವಮಾನವಲ್ಲ.

ಈಗ ನಾನು ಹೆಚ್ಚು ಹೊತ್ತು ಮಾತನಾಡಬಯಸುವ ವಿಷಯಕ್ಕೆ ಬರುತ್ತೇನೆ. ಗರ್ಭಕೋಶದ ಬಾಯಿಗೆ, ಅಂದರೆ ಗರ್ಭಕೊರಳಿಗೆ ಬರುವ ಕ್ಯಾನ್ಸರ್ ಭಾರತದಲ್ಲಿ ವರ್ಷಕ್ಕೆ ಒಂದು ಲಕ್ಷ ಇಪ್ಪತ್ತು ಸಾವಿರಕ್ಕಿಂತ ಹೆಚ್ಚು ಹೆಂಗಸರಲ್ಲಿ ಹೊಸದಾಗಿ ಪತ್ತೆಯಾಗುತ್ತದೆ, ಎಪ್ಪತ್ತೈದು ಸಾವಿರಕ್ಕೂ ಹೆಚ್ಚು ಮಂದಿಯನ್ನು ಬಲಿ ತೆಗೆದುಕೊಳ್ಳುತ್ತದೆ. ಇದಕ್ಕೆ ಕಾರಣ ಎಚ್‌ಪಿವಿ ಎಂಬ ವೈರಸ್ ಎಂದು ತೋರಿಸಿಕೊಟ್ಟ ಜರ್ಮನಿಯ ಹರಾಲ್ಡ್ ಸುರ್ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಈ ವೈರಸ್ಸಿನ ಹಲವು ಬಗೆಗಳಲ್ಲಿ 16 ಮತ್ತು 18 ಎಂಬ ಎರಡೇ ಬಗೆಗಳು ಸುಮಾರು ಶೇ. 70ರಷ್ಟು ಗರ್ಭಕೊರಳಿನ ಕ್ಯಾನ್ಸರಿಗೆ ಕಾರಣ. ಲೈಂಗಿಕ ಸಂಪರ್ಕದಿಂದ ಹರಡುವ ವೈರಸ್ ಎಂದ ಕೂಡಲೇ ನಡತೆಯ ಪ್ರಶ್ನೆ ಏಳುತ್ತದೆ, ಅದು ಏಳಬಾರದು. ಲೈಂಗಿಕ ಜೀವನ ನಡೆಸುವ ಬಹುಪಾಲು ಗಂಡಸರಿಗೂ ಹೆಂಗಸರಿಗೂ ಬದುಕಿನಲ್ಲಿ ಒಮ್ಮೆಯಾದರೂ ಇದು ತಗಲುತ್ತದೆ, ಗಂಡನೊಬ್ಬನನ್ನೇ ಕಂಡ ಹೆಂಗಸಿಗೂ ತಗಲುತ್ತದೆ. ಹೆಚ್ಚಿನವರಲ್ಲಿ ಒಂದೆರಡು ವರ್ಷದೊಳಗೆ ದೇಹವೇ ಅದನ್ನು ಹೊರಹಾಕುತ್ತದೆ. ಕೆಲವರಲ್ಲಿ ಉಳಿದುಕೊಂಡು ಗರ್ಭಕೊರಳಿನ ಜೀವಕೋಶಗಳನ್ನು ನಿಧಾನವಾಗಿ ಬದಲಿಸುತ್ತದೆ, ಮತ್ತು ಆ ಬದಲಾವಣೆ ಕ್ಯಾನ್ಸರ್ ಆಗುವುದಕ್ಕೆ ಸಾಮಾನ್ಯವಾಗಿ ಹದಿನೈದು ಇಪ್ಪತ್ತು ವರ್ಷ ಹಿಡಿಯುತ್ತದೆ.

ಈ ಹದಿನೈದು ಇಪ್ಪತ್ತು ವರ್ಷಗಳನ್ನು ನೀವು ನೆನಪಿನಲ್ಲಿಡಬೇಕು. ಇಷ್ಟು ದೀರ್ಘ ಅವಕಾಶ ಕೊಡುವ ಕ್ಯಾನ್ಸರ್‌ಗಳು ಕಡಿಮೆ. ಆ ಅವಧಿಯಲ್ಲಿ ಪರೀಕ್ಷೆ ಮಾಡಿಸಿಕೊಳ್ಳುತ್ತಿದ್ದರೆ ಕ್ಯಾನ್ಸರ್ ಆಗುವ ಮೊದಲೇ ಬದಲಾವಣೆ ಸಿಕ್ಕಿಬೀಳುವ ಸಂಭವ ಹೆಚ್ಚು. ಪರೀಕ್ಷೆ ಹೇಗಿರುತ್ತದೆಂದು ತಿಳಿಯದೆ ಹೆದರುವವರಿಗಾಗಿ ವಿವರವಾಗಿ ಹೇಳುತ್ತೇನೆ. ನೀವು ಮಂಚದ ಮೇಲೆ ಮಲಗಿ ಕಾಲು ಮಡಿಸಬೇಕು, ಮೇಲೆ ಬಟ್ಟೆ ಹೊದಿಸಿರುತ್ತಾರೆ. ಸ್ಪೆಕ್ಯುಲಮ್ ಎಂಬ ಸಣ್ಣ ಉಪಕರಣದಿಂದ ಯೋನಿಯ ದಾರಿಯನ್ನು ಸ್ವಲ್ಪ ಅಗಲಿಸಿ ಗರ್ಭಕೊರಳು ಕಾಣುವಂತೆ ಮಾಡುತ್ತಾರೆ. ಹತ್ತಿಯನ್ನು ದುರ್ಬಲ ಅಸಿಟಿಕ್ ಆಮ್ಲದಲ್ಲಿ ಅದ್ದಿ ಹಚ್ಚುತ್ತಾರೆ. ಅಡುಗೆಮನೆಯ ವಿನೆಗರ್‌ನಲ್ಲಿರುವುದೂ ಅದೇ. ಒಂದು ನಿಮಿಷ ಕಾದು ನೋಡುತ್ತಾರೆ. ಬದಲಾದ ಜೀವಕೋಶಗಳಿದ್ದ ಜಾಗ ಬೆಳ್ಳಗೆ ತೋರುತ್ತದೆ. ಅಲ್ಲಿಗೆ ಪರೀಕ್ಷೆ ಮುಗಿಯಿತು. ಸ್ವಲ್ಪ ಕಿರಿಕಿರಿ ಆಗಬಹುದು, ನೋವಾದರೆ ನಿಲ್ಲಿಸಿ ಎಂದು ಹೇಳಬಹುದು. ‘ವಿಐಎ’ ಎಂಬ ಈ ಪರೀಕ್ಷೆ 30 ದಾಟಿದ ಹೆಂಗಸರಿಗೆ ಐದು ವರ್ಷಕ್ಕೊಮ್ಮೆ ಆಗಬೇಕೆಂಬುದು ರಾಷ್ಟ್ರೀಯ ಕಾರ್ಯಕ್ರಮದ ನಿಯಮ. ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಇದಕ್ಕೆ ಹಣ ಕೊಡಬೇಕಿಲ್ಲ. ಗರ್ಭಕೊರಳಿನಿಂದ ಜೀವಕೋಶಗಳನ್ನು ಸವರಿ ತೆಗೆದು ನೋಡುವ ಪ್ಯಾಪ್ ಪರೀಕ್ಷೆ, ವೈರಸ್ಸನ್ನೇ ಹುಡುಕುವ ಎಚ್‌ಪಿವಿ ಪರೀಕ್ಷೆ ದೊಡ್ಡ ಆಸ್ಪತ್ರೆಗಳಲ್ಲಿವೆ. ಬದಲಾವಣೆ ಕಂಡರೆ ಆ ಜಾಗವನ್ನು ಶೀತದಿಂದಲೋ ಶಾಖದಿಂದಲೋ ಸುಡುವ ಚಿಕಿತ್ಸೆ ಬಹುಪಾಲು ಹೊರರೋಗಿಯಾಗಿಯೇ ಮುಗಿಯುತ್ತದೆ, ಸಂಜೆಗೆ ಮನೆಗೆ ಹೋಗಬಹುದು.

ಇನ್ನು ಲಸಿಕೆ. 9ರಿಂದ 14 ವಯಸ್ಸು ಇದಕ್ಕೆ ಅತ್ಯುತ್ತಮ, ಏಕೆಂದರೆ ವೈರಸ್ ತಗಲುವ ಮೊದಲೇ ಕೊಟ್ಟರೆ ರಕ್ಷಣೆ ಹೆಚ್ಚು. ಪುಣೆಯ ಸೀರಮ್ ಸಂಸ್ಥೆ ತಯಾರಿಸಿದ ಸರ್ವಾವ್ಯಾಕ್ 2023ರಿಂದ ನಮ್ಮಲ್ಲೇ ದೊರೆಯುತ್ತಿದೆ. “ಇಷ್ಟು ಸಣ್ಣ ಮಗುವಿಗೆ ಈ ಲಸಿಕೆ ಯಾಕೆ, ಇದು ಬೇರೆ ವಿಚಾರ ಕಲಿಸಿದಂತಾಗುವುದಿಲ್ಲವೇ” ಎಂದು ತಂದೆಯರು ಕೇಳುತ್ತಾರೆ. ಹುಟ್ಟಿದ ದಿನವೇ ನಾವು ಮಗುವಿಗೆ ಹೆಪಟೈಟಿಸ್ ಬಿ ಲಸಿಕೆ ಹಾಕುತ್ತೇವೆ; ಆ ವೈರಸ್ಸೂ ಲೈಂಗಿಕ ಸಂಪರ್ಕದಿಂದ ಹರಡುತ್ತದೆ, ಅದಕ್ಕೆ ಯಾರೂ ಆಕ್ಷೇಪ ಎತ್ತಿದ್ದಿಲ್ಲ. ಮಗಳಿಗೆ ನೀವು ಹೇಳಬೇಕಾದ್ದು ಇಷ್ಟೇ: ಇದು ಕ್ಯಾನ್ಸರ್ ಬಾರದಂತೆ ತಡೆಯುವ ಚುಚ್ಚುಮದ್ದು. ಲಸಿಕೆ ಹಾಕಿಸಿಕೊಂಡವರೂ ಮುಂದೆ ಪರೀಕ್ಷೆ ಮಾಡಿಸಿಕೊಳ್ಳಬೇಕು. 2030ರೊಳಗೆ ನೂರಕ್ಕೆ ತೊಂಬತ್ತು ಹುಡುಗಿಯರಿಗೆ ಲಸಿಕೆ, ಎಪ್ಪತ್ತು ಹೆಂಗಸರಿಗೆ 35ರ ವಯಸ್ಸಿನೊಳಗೆ ಒಮ್ಮೆ, 45ರೊಳಗೆ ಮತ್ತೊಮ್ಮೆ ಪರೀಕ್ಷೆ, ರೋಗ ಕಂಡವರಲ್ಲಿ ತೊಂಬತ್ತು ಮಂದಿಗೆ ಚಿಕಿತ್ಸೆ ಎಂಬ ಗುರಿಯನ್ನು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಮುಂದಿಟ್ಟಿದೆ. ಇಷ್ಟು ಆಸ್ಪತ್ರೆಗಳಿರುವ ಕರಾವಳಿಯೇ ಇದನ್ನು ಸಾಧಿಸದಿದ್ದರೆ ಇನ್ಯಾರು ಸಾಧಿಸಬೇಕು? ಗಂಡನ ಜೊತೆ ಸೇರಿದ ನಂತರ ರಕ್ತ ಕಂಡರೆ, ಎರಡು ಮುಟ್ಟುಗಳ ನಡುವೆ ರಕ್ತ ಕಂಡರೆ, ಐದು ವರ್ಷದ ಲೆಕ್ಕ ನೋಡುತ್ತ ಕೂರದೆ ಆ ವಾರವೇ ಬನ್ನಿ.

ಕುಟುಂಬ ಯೋಜನೆಯ ಬಗ್ಗೆ ನಮ್ಮ ರಾಜ್ಯದ ಮಟ್ಟಿಗೆ ಹೆಮ್ಮೆಯ ಇತಿಹಾಸವಿದೆ. ಮೈಸೂರು ಸಂಸ್ಥಾನ 1930ರಲ್ಲೇ ಸರ್ಕಾರಿ ಜನನ ನಿಯಂತ್ರಣ ಚಿಕಿತ್ಸಾಲಯಗಳನ್ನು ತೆರೆಯಿತು. ಇಷ್ಟು ವರ್ಷಗಳ ನಂತರವೂ ಅದರ ಭಾರವೆಲ್ಲ ಹೆಂಗಸಿನ ಮೇಲೆಯೇ ಇದೆ. ಆಗಲೇ ಹೇಳಿದ ಸಮೀಕ್ಷೆಯಲ್ಲಿ, ಮದುವೆಯಾದ ಹೆಂಗಸರಲ್ಲಿ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು ದೇಶದಲ್ಲಿ ಶೇ. 37.9, ಗಂಡ ಮಾಡಿಸಿಕೊಂಡದ್ದು ಶೇ. 0.3. ಗಂಡಸರ ಶಸ್ತ್ರಚಿಕಿತ್ಸೆಗೆ ಹೊಟ್ಟೆ ತೆರೆಯಬೇಕಿಲ್ಲ, ಹೊಲಿಗೆ ಹಾಕಬೇಕಿಲ್ಲ, ಕೆಲವೇ ನಿಮಿಷದ ಕೆಲಸ. ವೀರ್ಯಾಣು ಸಾಗುವ ನಾಳವನ್ನು ಮಾತ್ರ ಮುಚ್ಚುವುದರಿಂದ ಗಂಡಸುತನಕ್ಕಾಗಲಿ ಭಾರ ಎತ್ತುವ ಶಕ್ತಿಗಾಗಲಿ ಕುಂದಿಲ್ಲ. ಮೂರು ತಿಂಗಳು ಬೇರೆ ವಿಧಾನ ಬಳಸಿ, ವೀರ್ಯ ಪರೀಕ್ಷೆಯಲ್ಲಿ ಖಚಿತವಾದ ಮೇಲೆ ನಿಶ್ಚಿಂತರಾಗಿರಬಹುದು. ಮಕ್ಕಳ ನಡುವೆ ಅಂತರ ಬೇಕಾದವರಿಗೆ ಕಾಪರ್-ಟಿ, ಮೂರು ತಿಂಗಳಿಗೊಮ್ಮೆ ಕೊಡುವ ಅಂತರಾ ಚುಚ್ಚುಮದ್ದು, ಲಕ್ನೋದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಯಲ್ಲಿ ರೂಪುಗೊಂಡ ಹಾರ್ಮೋನ್ ಇಲ್ಲದ ಛಾಯಾ ಮಾತ್ರೆ, ದಿನವೂ ನುಂಗುವ ಮಾಲಾ-ಎನ್ ಮಾತ್ರೆ, ನಿರೋಧ್ ಎಲ್ಲವೂ ಸರ್ಕಾರಿ ಕೇಂದ್ರಗಳಲ್ಲಿ ಉಚಿತ. ಆಶಾ ಕಾರ್ಯಕರ್ತೆಯನ್ನು ಕೇಳಿದರೆ ಮನೆಗೇ ತಲುಪುವವೂ ಇವೆ. ಗರ್ಭ ತಡೆಯುವ ತುರ್ತು ಮಾತ್ರೆಯನ್ನು ರಕ್ಷಣೆಯಿಲ್ಲದೆ ಸೇರಿದ 72 ಗಂಟೆಯೊಳಗೆ ತೆಗೆದುಕೊಳ್ಳಬೇಕು, ಎಷ್ಟು ಬೇಗ ತೆಗೆದುಕೊಂಡರೆ ಅಷ್ಟು ಒಳ್ಳೆಯದು; ಅದು ತಿಂಗಳು ತಿಂಗಳೂ ಬಳಸುವ ವಿಧಾನವಲ್ಲ.

ನಮ್ಮ ಜಿಲ್ಲೆಗಳಲ್ಲಿ ಎಷ್ಟೋ ಮನೆಗಳ ಗಂಡಸರು ಗಲ್ಫ್ ದೇಶಗಳಲ್ಲಿ, ಮುಂಬಯಿಯಲ್ಲಿ, ಹಡಗಿನಲ್ಲಿ ಇದ್ದಾರೆ. ಇದರಿಂದ ಹುಟ್ಟುವ ಒಂದು ಅನ್ಯಾಯವನ್ನು ನಾನು ಬಹಳ ಸಲ ನೋಡಿದ್ದೇನೆ. ಮದುವೆಯಾಗಿ ನಾಲ್ಕು ವರ್ಷವಾಯಿತು, ಮಕ್ಕಳಾಗಲಿಲ್ಲ ಎಂದು ಸೊಸೆಯನ್ನು ಅತ್ತೆ ಕರೆತರುತ್ತಾರೆ. ಗಂಡ ವರ್ಷಕ್ಕೊಮ್ಮೆ ಒಂದು ತಿಂಗಳ ರಜೆಯಲ್ಲಿ ಬರುವವನು. ಲೆಕ್ಕ ಹಾಕಿದರೆ ಅವರು ಜೊತೆಗಿದ್ದದ್ದು ನಾಲ್ಕು ತಿಂಗಳು, ಅದರಲ್ಲೂ ಫಲ ಕಟ್ಟುವ ದಿನಗಳು ಬೆರಳೆಣಿಕೆ. ಒಂದು ವರ್ಷ ಜೊತೆಯಾಗಿದ್ದು ಪ್ರಯತ್ನಿಸಿದರೂ ಗರ್ಭ ನಿಲ್ಲದಿದ್ದರೆ ಮಾತ್ರ ಪರೀಕ್ಷೆ ಶುರು ಮಾಡುವುದು ವೈದ್ಯಕೀಯ ಕ್ರಮ; ಹೆಂಡತಿಗೆ 35 ದಾಟಿದ್ದರೆ ಆರು ತಿಂಗಳಿಗೇ. ಪರೀಕ್ಷೆ ಇಬ್ಬರಿಗೂ ಒಟ್ಟಿಗೆ ಆಗಬೇಕು, ಏಕೆಂದರೆ ಸುಮಾರು ಅರ್ಧದಷ್ಟು ದಂಪತಿಗಳಲ್ಲಿ ಗಂಡನ ಕಡೆಯ ಕಾರಣವೂ ಸೇರಿರುತ್ತದೆ. ವೀರ್ಯ ಪರೀಕ್ಷೆ ಎಲ್ಲಕ್ಕಿಂತ ಸರಳ, ಅಗ್ಗ, ನೋವಿಲ್ಲದ ಪರೀಕ್ಷೆ. ಅದನ್ನು ಮಾಡಿಸದೆ ಹೆಂಡತಿಯ ಮೇಲೆ ಸ್ಕ್ಯಾನ್, ಚುಚ್ಚುಮದ್ದು, ಹೊಟ್ಟೆಯೊಳಗೆ ಕೊಳವೆ ಇಳಿಸಿ ನೋಡುವ ಲ್ಯಾಪ್ರೋಸ್ಕೋಪಿ ಎಂದು ವರ್ಷ ಕಳೆಯಬಾರದು. ಗಂಡ ರಜೆಯಲ್ಲಿ ಬಂದ ಮೊದಲ ವಾರವೇ ಇಬ್ಬರೂ ಬನ್ನಿ.

ಬೇಡದ ಗರ್ಭದ ವಿಷಯದಲ್ಲಿ ಕಾನೂನು ಗೊತ್ತಿಲ್ಲದೆ ಪ್ರಾಣಕ್ಕೆ ಕುತ್ತು ತಂದುಕೊಳ್ಳುವವರಿದ್ದಾರೆ. ನಮ್ಮ ದೇಶದಲ್ಲಿ 1971ರ ಕಾಯಿದೆಯಡಿ ಗರ್ಭಪಾತಕ್ಕೆ ಕಾನೂನಿನ ಅವಕಾಶವಿದೆ. 2021ರ ತಿದ್ದುಪಡಿಯ ನಂತರ 20 ವಾರದವರೆಗೆ ಒಬ್ಬ ನೋಂದಾಯಿತ ವೈದ್ಯರ, ನಿಗದಿತ ಸಂದರ್ಭಗಳಲ್ಲಿ 24 ವಾರದವರೆಗೆ ಇಬ್ಬರ ಅಭಿಪ್ರಾಯದ ಮೇಲೆ ಮಾಡಬಹುದು. ಅವಿವಾಹಿತೆಯರಿಗೂ ಇದು ಅನ್ವಯಿಸುತ್ತದೆಂದು ಸುಪ್ರೀಂ ಕೋರ್ಟ್ 2022ರ ಸೆಪ್ಟೆಂಬರ್‌ನಲ್ಲಿ ತೀರ್ಪು ಕೊಟ್ಟಿದೆ. 18 ತುಂಬಿದವಳಿಗೆ ಅವಳ ಒಪ್ಪಿಗೆಯೊಂದೇ ಸಾಕು. ಗಂಡನ ಸಹಿ ಕಾನೂನಿನಲ್ಲಿ ಇಲ್ಲ. ಅವಳ ಹೆಸರನ್ನು ಬಯಲು ಮಾಡುವ ವೈದ್ಯರಿಗೆ ಶಿಕ್ಷೆ ಇದೆ. ಹೀಗಿರುವಾಗ ಗೆಳತಿಯ ಮೂಲಕ ಮೆಡಿಕಲ್ ಅಂಗಡಿಯಿಂದ ಮಾತ್ರೆ ತರಿಸಿ ಹಾಸ್ಟೆಲಿನ ಕೋಣೆಯಲ್ಲಿ ನುಂಗುವುದು ಬೇಡ. ಆ ಮಾತ್ರೆಗಳು ಒಂಬತ್ತು ವಾರದೊಳಗೆ, ವೈದ್ಯರ ನಿಗಾದಲ್ಲಿ ಸುರಕ್ಷಿತ. ಗರ್ಭವು ಗರ್ಭಕೋಶದ ಬದಲು ಗರ್ಭನಾಳದಲ್ಲಿ ಕಟ್ಟಿದ್ದರೆ ಅವು ಕೆಲಸ ಮಾಡುವುದಿಲ್ಲ, ನಾಳ ಒಡೆದು ಹೊಟ್ಟೆಯೊಳಗೆ ರಕ್ತ ತುಂಬಬಹುದು. ಮುಟ್ಟು ತಪ್ಪಿದವರಿಗೆ ಕಿಬ್ಬೊಟ್ಟೆಯ ಒಂದು ಬದಿಯಲ್ಲಿ ನೋವು, ತಲೆಸುತ್ತು ಬಂದರೆ ಅದು ಆ ಗಂಟೆಯ ತುರ್ತು.

ಲೈಂಗಿಕ ಸೋಂಕುಗಳ ಬಗ್ಗೆ ಕೆಲವೇ ಮಾತು. ಸಿಫಿಲಿಸ್‌ನ ಹುಣ್ಣಿಗೆ ನೋವಿರುವುದಿಲ್ಲ, ಕೆಲವು ವಾರಗಳಲ್ಲಿ ತಾನೇ ಮಾಯವಾಗುತ್ತದೆ. ರೋಗ ಮಾತ್ರ ಒಳಗೆ ಉಳಿಯುತ್ತದೆ, ಪೆನಿಸಿಲಿನ್ ಚುಚ್ಚುಮದ್ದಿಗೆ ಇಂದಿಗೂ ಬಗ್ಗುತ್ತದೆ. ಕ್ಲಮೈಡಿಯಾ ಹೆಂಗಸರಲ್ಲಿ ಲಕ್ಷಣ ತೋರಿಸದೆಯೇ ಗರ್ಭನಾಳವನ್ನು ಹಾಳುಮಾಡಬಲ್ಲದು. ಒಬ್ಬರು ಮಾತ್ರ ಚಿಕಿತ್ಸೆ ಪಡೆದರೆ ಇನ್ನೊಬ್ಬರಿಂದ ಮತ್ತೆ ತಗಲುತ್ತದೆ. ಎಚ್‌ಐವಿ ಇರುವ ತಾಯಿಯಿಂದ ಮಗುವಿಗೆ ಸೋಂಕು ದಾಟುವ ಸಂಭವ ಚಿಕಿತ್ಸೆಯಿಲ್ಲದಿದ್ದರೆ ಶೇ. 15ರಿಂದ 45, ಚಿಕಿತ್ಸೆಯಿದ್ದರೆ ಶೇ. 5ಕ್ಕಿಂತ ಕಡಿಮೆ. ಅಪಾಯದ ಸಂಪರ್ಕವಾದ 72 ಗಂಟೆಯೊಳಗೆ ಬಂದರೆ 28 ದಿನದ ಮಾತ್ರೆಗಳಿಂದ ಸೋಂಕನ್ನು ತಡೆಯುವ ಪ್ರಯತ್ನ ಸಾಧ್ಯ. ಸರ್ಕಾರಿ ಆಸ್ಪತ್ರೆಗಳ ಸುರಕ್ಷಾ ಕ್ಲಿನಿಕ್ ಮತ್ತು ಆಪ್ತ ಸಮಾಲೋಚನಾ ಕೇಂದ್ರಗಳಲ್ಲಿ ಪರೀಕ್ಷೆ ಉಚಿತ. ಒಪ್ಪಿಗೆಯಿಲ್ಲದೆ ಎಚ್‌ಐವಿ ಪರೀಕ್ಷಿಸುವುದಕ್ಕೂ ಫಲಿತಾಂಶ ಹೊರಗೆಡಹುವುದಕ್ಕೂ 2017ರ ಕಾಯಿದೆಯ ತಡೆಯಿದೆ. ಹೆಸರು ಹೇಳದೆ ಮಾತನಾಡಬೇಕಾದವರಿಗೆ 1097 ಸಹಾಯವಾಣಿ ಇದೆ.

ಹಿಂದಿನ ಸಾಲಿನ ಹುಡುಗರಿಗೆ ಒಂದು ಮಾತು, ಇದನ್ನು ತಾಯಂದಿರೂ ಕೇಳಿಸಿಕೊಳ್ಳಬೇಕು. ವೃಷಣದಲ್ಲಿ ಇದ್ದಕ್ಕಿದ್ದಂತೆ ತೀವ್ರ ನೋವು ಬಂದರೆ, ಜೊತೆಗೆ ವಾಂತಿಯಾದರೆ, ಅದು ವೃಷಣ ತಿರುಚಿಕೊಂಡು ರಕ್ತ ಸಂಚಾರ ನಿಂತಿರುವುದರ ಸೂಚನೆ ಇರಬಹುದು. ಸುಮಾರು ಆರು ಗಂಟೆಯೊಳಗೆ ಶಸ್ತ್ರಚಿಕಿತ್ಸೆಯಾದರೆ ಬಹುತೇಕ ಉಳಿಯುತ್ತದೆ, ತಡವಾದಷ್ಟೂ ಕೈತಪ್ಪುತ್ತದೆ. ರಾತ್ರಿ ನೋವು ಶುರುವಾದ ಹದಿನಾಲ್ಕರ ಹುಡುಗ ಅಮ್ಮನಿಗೆ ಹೊಟ್ಟೆನೋವು ಎಂದಷ್ಟೇ ಹೇಳುತ್ತಾನೆ. ಅಮ್ಮ ಜೀರಿಗೆ ಕಷಾಯ ಕೊಡುತ್ತಾರೆ, ಬೆಳಗಾಗುತ್ತದೆ. ಇದನ್ನು ಹೇಳಲು ಒಂದೇ ಒಂದು ಪದದ ಸಂಕೋಚ ಅಡ್ಡ ಬಂದದ್ದಕ್ಕೆ ಹುಡುಗ ಒಂದು ವೃಷಣ ಕಳೆದುಕೊಳ್ಳುತ್ತಾನೆ. ಮಕ್ಕಳಿಗೆ ಕೈ, ಕಾಲು, ಕಿವಿ ಕಲಿಸುವಾಗಲೇ ಈ ಅಂಗಗಳ ಹೆಸರನ್ನೂ ಕಲಿಸಿ. ಹೆಸರು ಗೊತ್ತಿರುವ ಮಗು, ಯಾರಾದರೂ ಅಲ್ಲಿ ಮುಟ್ಟಿದರೂ ಹೇಳಬಲ್ಲದು. ಅಂಥ ಸಂದರ್ಭಕ್ಕೆ 1098 ಸಂಖ್ಯೆಯೂ ಗೊತ್ತಿರಲಿ. ಹದಿಹರೆಯದವರಿಗೆಂದೇ ಸರ್ಕಾರಿ ಆಸ್ಪತ್ರೆಗಳಲ್ಲಿ ಸ್ನೇಹ ಕ್ಲಿನಿಕ್‌ಗಳಿವೆ, ಅಲ್ಲಿ ಹುಡುಗರೂ ಹೋಗಬಹುದು. ನಡುವಯಸ್ಸಿನ ಗಂಡಸರಲ್ಲಿ ನಿಮಿರುವಿಕೆಯ ತೊಂದರೆ ಹೊಸದಾಗಿ ಶುರುವಾದರೆ ಅದು ಸಕ್ಕರೆ ಕಾಯಿಲೆಯ ಅಥವಾ ಹೃದಯದ ರಕ್ತನಾಳಗಳ ರೋಗದ ಮೊದಲ ಸುಳಿವಾಗಿರಬಹುದು. ಗೋಡೆಯ ಮೇಲೆ ಬರೆದ ‘ಗುಪ್ತರೋಗ’ ಚಿಕಿತ್ಸೆಯ ಫೋನ್ ನಂಬರಿಗೆ ಕರೆ ಮಾಡುವ ಬದಲು ಸಕ್ಕರೆ, ರಕ್ತದೊತ್ತಡ, ಕೊಬ್ಬು ಪರೀಕ್ಷಿಸಿಕೊಳ್ಳಿ.

ಭಾಷಣದ ನಂತರ ಸಭೆಯಲ್ಲಿ ಹೆಸರಿಲ್ಲದ ಚೀಟಿಗಳನ್ನು ಸಂಗ್ರಹಿಸಲಾಯಿತು. ಮೂರಕ್ಕೆ ಕೊಟ್ಟ ಉತ್ತರವನ್ನು ಇಲ್ಲಿ ಸೇರಿಸಿದ್ದೇನೆ.

“ಮದುವೆಗೆ ಮೊದಲು ಕಪ್ ಬಳಸಿದರೆ ಕನ್ಯಾಪೊರೆ ಹರಿಯುತ್ತದೆಯೇ?” ಕನ್ಯಾಪೊರೆ ಒಬ್ಬೊಬ್ಬರಲ್ಲಿ ಒಂದೊಂದು ತೆರನಾಗಿರುತ್ತದೆ, ಆಟ, ಸೈಕಲ್, ಕಪ್ ಯಾವುದರಿಂದಲೂ ಅದು ಸಡಿಲಗೊಳ್ಳಬಹುದು. ಅದನ್ನು ನೋಡಿ ಕನ್ಯತ್ವ ಹೇಳುವ ಪರೀಕ್ಷೆ ವೈದ್ಯಶಾಸ್ತ್ರದಲ್ಲಿ ಇಲ್ಲ. ಅತ್ಯಾಚಾರದ ಪ್ರಕರಣಗಳಲ್ಲೂ ಎರಡು ಬೆರಳಿನ ಪರೀಕ್ಷೆ ಮಾಡಬಾರದೆಂದು ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ.

“ಹಸ್ತಮೈಥುನದಿಂದ ನರದೌರ್ಬಲ್ಯ ಬಂದು ಮುಂದೆ ಮಕ್ಕಳಾಗುವುದಿಲ್ಲ ಎನ್ನುತ್ತಾರೆ, ನಿಜವೇ?” ನಿಜವಲ್ಲ. ವೀರ್ಯಾಣು ದೇಹದಲ್ಲಿ ನಿರಂತರ ತಯಾರಾಗುತ್ತಲೇ ಇರುತ್ತದೆ. ಈ ಹೆದರಿಕೆಯಿಂದ ನಿದ್ದೆಗೆಟ್ಟು, ಹಣ ಕೊಟ್ಟು ಪುಡಿ ತರಿಸಿಕೊಂಡವರ ಆಯಾಸಕ್ಕೆ ಆ ಹೆದರಿಕೆಯೇ ಕಾರಣ.

“ನನಗೆ 54 ವರ್ಷ. ಮುಟ್ಟು ನಿಂತು ಮೂರು ವರ್ಷವಾಗಿತ್ತು. ಕಳೆದ ತಿಂಗಳು ಎರಡು ದಿನ ಸ್ವಲ್ಪ ಕಂಡಿತು, ಆಮೇಲೆ ಇಲ್ಲ. ನೋವಿಲ್ಲ. ತೋರಿಸಬೇಕೇ?” ತೋರಿಸಲೇಬೇಕು. ಒಂದು ವರ್ಷ ಪೂರ್ತಿ ಮುಟ್ಟು ನಿಂತ ಮೇಲೆ ಒಂದು ಹನಿ ಕಂಡರೂ, ಅದು ತಾನೇ ನಿಂತರೂ ಪರೀಕ್ಷೆ ಬೇಕು. ಹೆಚ್ಚಿನವರಲ್ಲಿ ಒಳಪದರ ತೆಳುವಾಗಿರುವುದೋ ಪಾಲಿಪ್ ಎಂಬ ಸಣ್ಣ ಮಾಂಸದ ಬೆಳವಣಿಗೆಯೋ ಕಾರಣವಾಗಿರುತ್ತದೆ. ಕೆಲವರಲ್ಲಿ ಅದು ಗರ್ಭಕೋಶದ ಒಳಪದರದ ಕ್ಯಾನ್ಸರಿನ ಮೊದಲ ಸೂಚನೆ, ಮತ್ತು ಆ ಹಂತದಲ್ಲಿ ಬಂದವರು ಬಹುಪಾಲು ಗುಣವಾಗುತ್ತಾರೆ. ಸ್ಕ್ಯಾನ್ ಮಾಡಿ ಒಳಪದರದ ದಪ್ಪ ನೋಡುತ್ತೇವೆ, ಬೇಕಿದ್ದರೆ ಸ್ವಲ್ಪ ಅಂಶ ತೆಗೆದು ಪರೀಕ್ಷೆಗೆ ಕಳುಹಿಸುತ್ತೇವೆ. ಈ ಚೀಟಿ ಬರೆದವರು ನಾಳೆಯೇ ಹತ್ತಿರದ ಸ್ತ್ರೀರೋಗ ವಿಭಾಗಕ್ಕೆ ಹೋಗಿ. ಬರಿಹೊಟ್ಟೆಯಲ್ಲಿ ಬರಬೇಕಿಲ್ಲ. ರಕ್ತದೊತ್ತಡ, ಸಕ್ಕರೆ, ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅವುಗಳ ಹಾಳೆಗಳನ್ನು ಜೊತೆಗೆ ತೆಗೆದುಕೊಂಡು ಹೋಗಿ, ಕುಳಿತ ಕೂಡಲೇ ಈ ಚೀಟಿಯಲ್ಲಿ ಬರೆದಷ್ಟನ್ನೇ ಹೇಳಿ.